ನೊರೆ ಬಾರದ ಮನೆ: ಗಡಸು ನೀರಿನ ಒಂದು ಪ್ರಕರಣ

ಆಕೆ ಮೊದಲ ಸಲ ನಮ್ಮ ಲ್ಯಾಬಿಗೆ ಬಂದಾಗ ಕೈಯಲ್ಲಿ ನೀರಿನ ಬಾಟಲಿ ಇರಲಿಲ್ಲ. ಹಳೇ ಪೇಪರಿನಲ್ಲಿ ಕಟ್ಟಿದ ಒಂದು ಪೊಟ್ಟಣ ಇತ್ತು. ಬಿಚ್ಚಿ ಮೇಜಿನ ಮೇಲೆ ಸುರಿದರು. ಬೂದು ಬಿಳುಪಿನ ಚಕ್ಕೆಗಳು. ಒಳಮೈ ನುಣುಪು, ಹೊರಮೈ ತರಿತರಿ. ಕೆಲವು ಕೊಳವೆಯನ್ನು ಉದ್ದಕ್ಕೆ ಸೀಳಿದ ಹಾಗೆ ಬಾಗಿದ್ದವು.

"ಗೀಸರ್ ಬಿಚ್ಚಿದಾಗ ಸಿಕ್ಕಿದ್ದು ಸರ್. ಒಂದೂವರೆ ವರ್ಷದಲ್ಲಿ ಎರಡನೇ ಕಾಯಿಲ್ ಸುಟ್ಟುಹೋಯ್ತು. ನಾವು ಕುಡೀತಿರೋದೂ ಇದೇನಾ?"

ಒಂದು ಚಕ್ಕೆಯ ಮೇಲೆ ತೆಳು ಆಮ್ಲದ ನಾಲ್ಕು ಹನಿ ಬಿಟ್ಟೆ. ಬುಸ್ ಅಂತ ಗುಳ್ಳೆ ಎದ್ದವು. ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲೂ ಅದೇ, ಸೀಮೆಸುಣ್ಣದ ಬಂಡೆಯೂ ಅದೇ, ಮೊಟ್ಟೆಯ ಸಿಪ್ಪೆಯೂ ಹೆಚ್ಚುಕಡಿಮೆ ಅದೇ. ಆಕೆಗೆ ಸ್ವಲ್ಪ ಸಮಾಧಾನ ಆದ ಹಾಗೆ ಕಂಡಿತು, ಪೂರ್ತಿ ಅಲ್ಲ.

ಈ ಮನೆಯ ಕಥೆಯನ್ನು ಬರೆದಿಡಬೇಕು ಅನ್ನಿಸಿದ್ದು ಆ ಚಕ್ಕೆಗಳಿಂದಲ್ಲ. ಅದಕ್ಕೆ ಮುಂಚೆ, ಅದಾದ ಮೇಲೆ ಅವರು ಮಾಡಿದ ತೀರ್ಮಾನಗಳಿಂದ. ಕೆಲವು ಸರಿ ಇದ್ದವು, ಕೆಲವು ದಾರಿ ತಪ್ಪಿಸಿದವು, ಒಂದರಲ್ಲಿ ನನ್ನ ಪಾಲೂ ಇತ್ತು. ಗುರುತು ಸಿಗಬಾರದೆಂದು ಊರಿನ ಹೆಸರು, ಮನೆಯವರ ಹೆಸರು ಬಿಟ್ಟಿದ್ದೇನೆ.

ಹಿನ್ನೆಲೆ

ಮಧ್ಯಮ ಗಾತ್ರದ ಒಂದು ಊರು. ಮನೆಯಲ್ಲಿ ಐದು ಜನ: ಗಂಡ, ಹೆಂಡತಿ, ಇಬ್ಬರು ಮಕ್ಕಳು, ಗಂಡನ ತಾಯಿ. ತಾಯಿಗೆ ಬಿಪಿ ಇದೆ, ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳಿದ್ದಾರೆ. ಇದು ಮುಂದೆ ಮುಖ್ಯವಾಗುತ್ತದೆ.

ಊರಿಗೆ ಹಿಂದೆಲ್ಲಾ ನೀರು ಬರುತ್ತಿದ್ದದ್ದು ನದಿಯಿಂದ. ನದಿ ನೀರು ಸಾಲದೆ ಬಂದಾಗ ಆಳದ ಕೊಳವೆ ಬಾವಿಗಳನ್ನು ಜೋಡಿಸಿದರು. ಇವರ ಬೀದಿಗೆ ಈಗ ಬರುವುದು ಬಹುಪಾಲು ಆ ಬಾವಿಗಳ ನೀರು. ನಲ್ಲಿ ಅದೇ, ಪೈಪ್ ಅದೇ, ನೀರು ಬಿಡುವ ಹೊತ್ತೂ ಅದೇ. ಒಳಗೆ ಹರಿಯುತ್ತಿದ್ದ ನೀರು ಮಾತ್ರ ಬೇರೆ. ಅದು ಕಣ್ಣಿಗೆ ಕಾಣುವಂಥದ್ದಲ್ಲ. ನದಿ ನೀರಿಗಿಂತ ತಿಳಿಯಾಗೇ ಇತ್ತು ಅಂತ ಮನೆಯವರೇ ಹೇಳಿದರು.

ತಿಳಿ ನೀರು ಗಡಸಾಗುವುದು ಹೀಗೆ. ಮಳೆ ನೀರು ಮಣ್ಣಿನ ಮೂಲಕ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಕೆಳಗಿನ ಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿಗೆ ಸೇರುತ್ತವೆ. ಕಲ್ಲಿನ ಸಂದಿಯಲ್ಲಿ ನೀರು ನಿಂತಷ್ಟು ಕಾಲ ಇದು ನಡೆಯುತ್ತಲೇ ಇರುತ್ತದೆ. ಅದಕ್ಕೇ ಹರಿಯುವ ನೀರಿಗಿಂತ ಆಳದ ನೀರು ಸಾಮಾನ್ಯವಾಗಿ ಹೆಚ್ಚು ಗಡಸು.

ಒಂದು ನೀರು, ಹತ್ತು ದೂರು

ತೊಂದರೆ ಒಟ್ಟಿಗೆ ಬರಲಿಲ್ಲ. ಒಂದೊಂದಾಗಿ ಬಂತು. ಪ್ರತಿಯೊಂದಕ್ಕೂ ಅವರಿಗೆ ಬೇರೆ ಬೇರೆ ಅಪರಾಧಿ ಸಿಕ್ಕ. ಈ ಪ್ರಕರಣದ ತಿರುಳೇ ಅದು ಅಂತ ನನಗನ್ನಿಸುತ್ತದೆ.

ಮೊದಲು ಸೋಪು. ಎಷ್ಟು ತಿಕ್ಕಿದರೂ ನೊರೆ ಬಾರದು, ಬಕೆಟ್ಟಿನ ಅಂಚಿಗೆ ಮೊಸರು ಒಡೆದ ಹಾಗೆ ಬಿಳಿ ಜಿಡ್ಡು. ಸೋಪು ಬದಲಾಯಿಸಿದರು. ಆಮೇಲೆ ತಲೆಕೂದಲು ಒರಟಾಯಿತು, ಉದುರುತ್ತಿದೆ ಅನ್ನಿಸಿತು. ಶಾಂಪೂ ಬದಲಾಯಿಸಿದರು. ಟವೆಲ್ ಒಣಗಿದ ಮೇಲೆ ಹಪ್ಪಳದಂತೆ ಬಿರುಸಾಗುತ್ತಿತ್ತು. ಬಟ್ಟೆ ಪುಡಿ ಬದಲಾಯಿತು. ತೊಳೆದಿಟ್ಟ ಸ್ಟೀಲ್ ಲೋಟಗಳ ಮೇಲೆ ಬಿಳಿ ಚುಕ್ಕೆ ಬಿದ್ದಾಗ ಪಾತ್ರೆ ತೊಳೆಯುವವರ ಮೇಲೆ ಗೊಣಗಿದರು. ಶವರಿನ ತೂತುಗಳು ಕಟ್ಟಿ ನೀರು ಅಡ್ಡಾದಿಡ್ಡಿ ಚಿಮ್ಮತೊಡಗಿತು. ಕಾಳು ಬೇಯಲು ಹೊತ್ತು ಹಿಡಿಯಿತು, ಕಾಳು ಹಳೇದು ಅಂದರು. ಚಿಕ್ಕ ಮಗುವಿನ ಮೊಣಕೈ ಸಂದಿಯಲ್ಲಿ ತುರಿಕೆ ಶುರುವಾಯಿತು. ಗೀಸರ್ ಆನ್ ಮಾಡಿದರೆ ಗುಡುಗುಡು ಸದ್ದು, ನೀರು ಕಾಯಲು ಮೊದಲಿಗಿಂತ ಜಾಸ್ತಿ ಹೊತ್ತು, ಕೊನೆಗೆ ಕಾಯಿಲ್ ಸುಟ್ಟಿತು. ರಿಪೇರಿಯವರು ಕರೆಂಟಿನ ಏರಿಳಿತ ಅಂದರು.

ಈಗ ಹಿಂದಿರುಗಿ ನೋಡಿದರೆ ಎಲ್ಲದರ ಹಿಂದೆ ಒಂದೇ ಕೈ ಇದೆ ಅಂತ ಸುಲಭವಾಗಿ ಕಾಣುತ್ತದೆ. ಆಗ ಹಾಗೆ ಕಾಣಲಿಲ್ಲ. ಸೋಪು ಬಚ್ಚಲಿನ ವಿಷಯ, ಕಾಳು ಅಡುಗೆಮನೆಯ ವಿಷಯ, ಗೀಸರ್ ಕರೆಂಟಿನ ವಿಷಯ. ಒಂದೊಂದನ್ನೂ ನೋಡಿಕೊಳ್ಳುವವರು ಬೇರೆ. ಎಲ್ಲಾ ದೂರುಗಳನ್ನೂ ಒಂದೇ ಹಾಳೆಯಲ್ಲಿ ಬರೆದವರು ಯಾರೂ ಇರಲಿಲ್ಲ.

ಅವರಾಗಿಯೇ ಮಾಡಿ ನೋಡಿದ್ದು

ನೀರಿನ ಮೇಲೆ ಅನುಮಾನ ಬಂದ ಮೇಲೂ ನೀರನ್ನು ಪರೀಕ್ಷೆ ಮಾಡಿಸಲಿಲ್ಲ. ಮೊದಲು ಮದ್ದು, ಆಮೇಲೆ ರೋಗ ಯಾವುದು ಅಂತ ಕೇಳುವುದು. ನಾವೆಲ್ಲಾ ಹೀಗೇ ಅಲ್ವಾ.

ಟ್ಯಾಂಕಿಗೆ ಪಟಿಕ ಹಾಕಿದರು. ಪಟಿಕ ಕೆಸರನ್ನು ಒಟ್ಟುಗೂಡಿಸಿ ತಳಕ್ಕೆ ಇಳಿಸುತ್ತದೆ. ಕರಗಿರುವ ಕ್ಯಾಲ್ಸಿಯಂ ಅದರ ಕೈಗೆ ಸಿಗುವುದಿಲ್ಲ. ಮೊದಲೇ ತಿಳಿಯಾಗಿದ್ದ ನೀರು ಹಾಗೇ ತಿಳಿಯಾಗಿತ್ತು.

ಪೈಪಿಗೆ ಆಯಸ್ಕಾಂತದ ಪಟ್ಟಿ ಕಟ್ಟಿಸಿದರು. ಆಯಸ್ಕಾಂತ ನೀರಿನಿಂದ ಕ್ಯಾಲ್ಸಿಯಮ್ಮನ್ನು ತೆಗೆಯುವುದಿಲ್ಲ. ಅದನ್ನು ಮಾರುವವರೂ ಕೇಳಿದರೆ ಹಾಗಂತ ಒಪ್ಪಿಕೊಳ್ಳುತ್ತಾರೆ, "ಕಟ್ಟದ ಹಾಗೆ ಮಾಡುತ್ತದೆ" ಅಂತ ಮಾತು ತಿರುಗಿಸುತ್ತಾರೆ. ಈ ಮನೆಯಲ್ಲಿ ಎರಡನೇ ಕಾಯಿಲ್ ಸುಟ್ಟದ್ದು ಪಟ್ಟಿ ಕಟ್ಟಿಸಿದ ಮೇಲೆ. ಒಂದು ಮನೆಯ ಅನುಭವದಿಂದ ವಿಜ್ಞಾನದ ತೀರ್ಪು ಕೊಡಲಾಗದು. ಆದರೂ ನೊರೆಯ ತೊಂದರೆಗೆ ಅದು ಮದ್ದಲ್ಲ ಅನ್ನುವುದರಲ್ಲಿ ಅನುಮಾನವಿಲ್ಲ.

ಮೂರನೆಯದು ಕೆಟ್ಟದಾಗಿ ಮುಗಿಯಿತು. ನಲ್ಲಿಗಳ ಮೇಲಿನ ಬಿಳಿ ಕಲೆ ತೆಗೆಯಲು ಗಂಡ ಶೌಚಾಲಯ ತೊಳೆಯುವ ಆಸಿಡ್ ಬಳಸಿದರು. ಕಲೆ ಹೋಯಿತು. ಜೊತೆಗೆ ನಲ್ಲಿಯ ಹೊಳೆಯುವ ಲೇಪವೂ ಕಪ್ಪುಕಪ್ಪಾಗಿ ಎದ್ದುಹೋಯಿತು. ಅದೇ ದಿನ ನೆಲಕ್ಕೆ ಬ್ಲೀಚಿಂಗ್ ಪುಡಿ ಹಾಕಿಟ್ಟಿದ್ದರಂತೆ, ಹೆಂಡತಿ ನೋಡಿ ತಡೆದರು. ತಡೆದದ್ದು ದೊಡ್ಡ ಪುಣ್ಯ. ಬ್ಲೀಚಿಗೆ ಆಮ್ಲ ತಗುಲಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ನಾಲ್ಕನೆಯದನ್ನು ಮಾಡಿದ್ದು ಅತ್ತೆ. ಯಾರಿಗೂ ಹೇಳದೆ ಮಾಡಿದ್ದರು. ಗೀಸರಿನ ಚಕ್ಕೆ ನೋಡಿದಾಗಿನಿಂದ ಹೊಟ್ಟೆಯಲ್ಲಿ ಕಲ್ಲು ಆಗುತ್ತದೆಂದು ಹೆದರಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಟ್ಟಿದ್ದರು. ಇದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಗಡಸು ನೀರಿನಿಂದಲೇ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ನೀರು ಕಡಿಮೆ ಕುಡಿದರೆ ಕಲ್ಲಿನ ಅಪಾಯ ಹೆಚ್ಚು ಅನ್ನುವುದಕ್ಕೆ ಮಾತ್ರ ಬೇಕಾದಷ್ಟಿದೆ. ಪಾಪ, ಹೆದರಿಕೆಯೇ ಅವರನ್ನು ತಪ್ಪು ದಿಕ್ಕಿಗೆ ತಳ್ಳಿತ್ತು.

ಅಳತೆ, ಮತ್ತು ತಪ್ಪು ಅಳತೆ

ಚಕ್ಕೆ ತಂದ ಮರುದಿನ ನೀರು ತಂದರು. ಮೂರು ಬಾಟಲಿ ಕೇಳಿದ್ದೆ: ಬೀದಿಯ ಪೈಪಿನಿಂದ ನೇರವಾಗಿ ಒಂದು, ಮೇಲಿನ ಟ್ಯಾಂಕಿನಿಂದ ಒಂದು, ಗೀಸರಿನಿಂದ ಒಂದು. ಎಲ್ಲಿಂದ ಬಂದ ನೀರು ಅಂತ ಗೊತ್ತಿಲ್ಲದ ಬಾಟಲಿಯ ಫಲಿತಾಂಶ ಯಾವ ಕೆಲಸಕ್ಕೂ ಬಾರದು.

ಗಡಸುತನ ಅಳೆಯುವುದು ನೋಡಲು ಚೆಂದ. ನೀರಿಗೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಬಣ್ಣ ಹಾಕಿದರೆ ದ್ರಾಕ್ಷಾರಸದ ಕೆಂಪು ಬರುತ್ತದೆ. ಆಮೇಲೆ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕೊನೆಯ ಕಣವನ್ನೂ ಹಿಡಿದ ಕ್ಷಣ ಕೆಂಪು ಹೋಗಿ ನೀಲಿ ಬರುತ್ತದೆ. ಎಷ್ಟು ಹನಿ ಹಿಡಿಯಿತು ಅನ್ನುವುದೇ ಲೆಕ್ಕ. ಆಕೆ ಪಕ್ಕದಲ್ಲೇ ನಿಂತು ನೋಡಿದರು. ಬೀದಿ ನೀರು ಕೆಂಪಾಗಿಯೇ ಉಳಿಯುತ್ತಿದ್ದರೆ, "ಇನ್ನೂ ಇದೆಯಾ?" ಅಂತ ಎರಡು ಸಲ ಕೇಳಿದರು.

ಬೀದಿ ನೀರು ಲೀಟರಿಗೆ 420 ಮಿಲಿಗ್ರಾಂ. ಟ್ಯಾಂಕಿನದು ಹೆಚ್ಚುಕಡಿಮೆ ಅಷ್ಟೇ. ಗೀಸರಿನದು 300ರ ಹತ್ತಿರ. ಇದು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. ಅಮೆರಿಕದ ಭೂವಿಜ್ಞಾನ ಇಲಾಖೆಯ ಪಟ್ಟಿಯಲ್ಲಿ 60ರವರೆಗೆ ಮೆದು ನೀರು, 180 ದಾಟಿದರೆ ತುಂಬಾ ಗಡಸು. ಇವರದು 180ರ ಎರಡು ಪಟ್ಟಿಗಿಂತ ಜಾಸ್ತಿ.

ಗೀಸರಿಗೆ ಹೋದ ನೀರು 420, ಹೊರಗೆ ಬಂದದ್ದು 300. ನಡುವಿನ 120 ಎಲ್ಲಿ ಹೋಯಿತು? ಆ ಪೊಟ್ಟಣಕ್ಕೆ. ನೀರು ಕಾದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಕಾಯಿಲ್ಲಿಗೆ ಅಂಟುತ್ತದೆ. ಸಕ್ಕರೆ ಬಿಸಿ ನೀರಿನಲ್ಲಿ ಜಾಸ್ತಿ ಕರಗುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಕಡಿಮೆ ಕರಗುತ್ತದೆ. ಹಾಗಾಗಿ ಎಲ್ಲಕ್ಕಿಂತ ಬಿಸಿಯಾದ ಜಾಗವನ್ನೇ ಹುಡುಕಿಕೊಂಡು ಹೋಗಿ ಕೂರುತ್ತದೆ. ದಿನಕ್ಕೆ 100 ಲೀಟರ್ ಕಾಯಿಸಿದರೆ 12 ಗ್ರಾಂ, ತಿಂಗಳಿಗೆ 360 ಗ್ರಾಂ. ಕಾಯಿಲ್ ಕಂಬಳಿ ಹೊದ್ದ ಹಾಗಾಗುತ್ತದೆ. ಒಳಗಿನ ಬಿಸಿ ನೀರಿಗೆ ದಾಟದೆ ಕಾಯಿಲ್ ತನ್ನ ಬಿಸಿಯಲ್ಲಿ ತಾನೇ ಸುಡುತ್ತದೆ. ಗುಡುಗುಡು ಸದ್ದು ಕೂಡ ಪದರದ ಅಡಿಯಲ್ಲಿ ಸಿಕ್ಕಿಕೊಂಡ ನೀರು ಆವಿಯಾಗಿ ಸಿಡಿಯುವುದೇ.

ಕುಡಿಯಬಹುದಾ ಅನ್ನುವ ಪ್ರಶ್ನೆಗೂ ಉತ್ತರ ಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಯಾವ ಮಿತಿಯನ್ನೂ ಹಾಕಿಲ್ಲ. 200 ದಾಟಿದರೆ ಪೈಪು, ಪಾತ್ರೆಗಳಲ್ಲಿ ಕಟ್ಟುವ ತೊಂದರೆ ಬರಬಹುದು ಅನ್ನುತ್ತದೆ, ಅಷ್ಟೇ. ಕೊಳವೆ ಬಾವಿ ನೀರಿನಲ್ಲಿ ನಿಜವಾಗಿ ನೋಡಬೇಕಾದ್ದು ಫ್ಲೋರೈಡ್, ನೈಟ್ರೇಟ್, ರೋಗಾಣು. ಅವನ್ನೂ ನೋಡಿದೆವು, ತೊಂದರೆ ಇರಲಿಲ್ಲ. ಕುಡಿಯಲು ಅಡ್ಡಿಯಿಲ್ಲ ಅಂದೆ. ಮನೆಯವರಿಗೆಲ್ಲಾ ಹೇಳಿ ಅಂತಲೂ ಅಂದೆ.

ಇಲ್ಲಿಗೆ ದಾರಿ ಸರಿಯಾಯಿತು ಅಂದುಕೊಂಡಿದ್ದೆ. ಎರಡು ವಾರಕ್ಕೆ ಗಂಡ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿತ್ತು. ಗಡಸು ನೀರನ್ನು ಮೆದು ಮಾಡುವ ಯಂತ್ರ, ಅಂದರೆ ಸಾಫ್ಟ್ನರ್, ಒಂದನ್ನು ಪರಿಚಯದವರಲ್ಲಿ ಹೋಗಿ ನೋಡಿದ್ದರಂತೆ. ಜೇಬಿನಲ್ಲಿ ಟಿಡಿಎಸ್ ಮೀಟರ್ ಇಟ್ಟುಕೊಂಡೇ ಹೋಗಿದ್ದರು. ಒಳಗೆ ಹೋಗುವ ನೀರು 690, ಹೊರಗೆ ಬರುವ ನೀರು 680. "ಶುದ್ಧ ಮೋಸ ಸರ್ ಇದು. ಏನೂ ತೆಗೆಯೋದೇ ಇಲ್ಲ."

ಮೋಸ ಅಲ್ಲ. ಆ ಮೀಟರ್ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವುದನ್ನು ಅಳೆದು, ಅದರಿಂದ ಕರಗಿದ ಲವಣಗಳ ಅಂದಾಜು ಕೊಡುತ್ತದೆ. ಯಾವ ಲವಣ ಅಂತ ಅದಕ್ಕೆ ಗೊತ್ತಿಲ್ಲ. ಸಾಫ್ಟ್ನರ್ ಮಾಡುವುದು ಅದಲುಬದಲು. ಒಳಗಿನ ರೆಸಿನ್ ಮಣಿಗಳು ಒಂದು ಕ್ಯಾಲ್ಸಿಯಂ ಹಿಡಿದುಕೊಂಡು ಎರಡು ಸೋಡಿಯಂ ಬಿಡುತ್ತವೆ. ಲವಣ ಕಡಿಮೆಯಾಗುವುದಿಲ್ಲ, ಜಾತಿ ಬದಲಾಗುತ್ತದೆ. ಮೀಟರ್ ಕಣ್ಣಿಗೆ ಎರಡೂ ಒಂದೇ.

ಬಾಯಲ್ಲಿ ಹೇಳಿದರೆ ಅವರು ನಂಬುವ ಸ್ಥಿತಿಯಲ್ಲಿರಲಿಲ್ಲ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಹೇಳಿಕೊಟ್ಟೆ. ಒಂದೇ ಅಳತೆಯ ಎರಡು ಸಣ್ಣ ಬಾಟಲಿ. ಒಂದರಲ್ಲಿ ಮನೆಯ ನೀರು, ಇನ್ನೊಂದರಲ್ಲಿ ಸಾಫ್ಟ್ನರ್ ನೀರು, ಎರಡೂ ಅರ್ಧಕ್ಕೆ. ಎರಡಕ್ಕೂ ಹತ್ತು ಹನಿ ಸೋಪಿನ ನೀರು. ಬಟ್ಟೆ ಪುಡಿ ಬೇಡ, ಅಪ್ಪಟ ಸೋಪೇ ಆಗಬೇಕು. ಹತ್ತು ಸಲ ಕುಲುಕಿ ಇಡಿ ಅಂದೆ. ಸಂಜೆ ಫೋಟೋ ಕಳಿಸಿದರು. ಒಂದರ ಮೇಲೆ ಎರಡು ಬೆರಳು ದಪ್ಪ ನೊರೆ, ಕೆಳಗೆ ತಿಳಿ ನೀರು. ಇನ್ನೊಂದರಲ್ಲಿ ನೊರೆ ಇಲ್ಲ, ನೀರು ಹಾಲುಬಿಳುಪು, ಮೇಲೆ ತೇಲುವ ಜಿಡ್ಡು. ಜೊತೆಗೆ ಸಾಲು ಬರೆದಿದ್ದರು: "ಮೀಟರ್ ಎರಡರಲ್ಲೂ ಅಷ್ಟೇ ತೋರಿಸ್ತಿದೆ!"

ಇದಕ್ಕಿಂತ ಒಳ್ಳೆಯ ಪಾಠ ನಾನು ಹೇಳಿಕೊಡಲಾರೆ. ನೊರೆಯ ಪರೀಕ್ಷೆಗೆ ಹಳೇ ಮನೆತನವೂ ಇದೆ. 1841ರಲ್ಲಿ ಸುಣ್ಣ ಹಾಕಿ ನೀರನ್ನು ಮೆದುವಾಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದ ಅಬರ್ಡೀನಿನ ಪ್ರಾಧ್ಯಾಪಕ ಥಾಮಸ್ ಕ್ಲಾರ್ಕ್ ಗಡಸುತನ ಅಳೆಯುತ್ತಿದ್ದದ್ದೂ ಸೋಪಿನಿಂದಲೇ.

ಯಾವ ನಲ್ಲಿಗೆ ಯಾವ ನೀರು

ಸಾಫ್ಟ್ನರ್ ಹಾಕಿಸುವುದೆಂದು ತೀರ್ಮಾನವಾಯಿತು. ಮಾರಾಟದವರ ಸಲಹೆ ಇಡೀ ಮನೆಗೆ ಹಾಕಿಸಿ ಅಂತ. ಟ್ಯಾಂಕಿನ ಬಾಯಲ್ಲೇ ಕೂರಿಸಿದರೆ ಪೈಪ್ ಕೆಲಸ ಕಡಿಮೆ. ಗಂಡನಿಗೂ ಅದೇ ಸರಿ ಅನ್ನಿಸಿತ್ತು.

ಹೆಂಡತಿ ಒಂದು ಪ್ರಶ್ನೆ ಕೇಳಿದರು. ಇಡೀ ಪ್ರಕರಣದಲ್ಲಿ ಅತಿ ಒಳ್ಳೆಯ ಪ್ರಶ್ನೆ ಅದು. "ಸೋಡಿಯಂ ಬಿಡುತ್ತೆ ಅಂದ್ರಲ್ಲ. ನಮ್ಮತ್ತೆಗೆ ಉಪ್ಪು ಕಡಿಮೆ ಮಾಡಿ ಅಂದಿದ್ದಾರೆ. ಆ ನೀರು ಅವರು ಕುಡೀಬಹುದಾ?"

ಲೆಕ್ಕ ಹಾಕಿದೆವು. 100 ಮಿಲಿಗ್ರಾಂ ಗಡಸುತನ ತೆಗೆದರೆ ಸುಮಾರು 46 ಮಿಲಿಗ್ರಾಂ ಸೋಡಿಯಂ ನೀರಿಗೆ ಸೇರುತ್ತದೆ. 420ಕ್ಕೆ ಲೀಟರಿಗೆ 190ರ ಮೇಲೆ. ದಿನಕ್ಕೆ ಎರಡು ಲೀಟರ್ ಕುಡಿದರೆ ಸುಮಾರು 1 ಗ್ರಾಂ ಅಡುಗೆ ಉಪ್ಪು ತಿಂದ ಹಾಗೆ. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಊಟದಲ್ಲಿ ಚಿಟಿಕೆ ಲೆಕ್ಕದಲ್ಲಿ ಉಪ್ಪು ಬಿಡುತ್ತಿರುವವರಿಗೆ ಅದರ ಐದನೇ ಒಂದು ಭಾಗ ಸುಮ್ನೆ ಲೋಟದಿಂದ ಒಳಗೆ ಹೋದರೆ ಹೇಗೆ?

ಹಾಗಾಗಿ ಪೈಪ್ ಎರಡಾಯಿತು. ಬಚ್ಚಲು, ಗೀಸರ್, ವಾಷಿಂಗ್ ಮೆಷಿನ್ ಮೂರಕ್ಕೂ ಮೆದು ನೀರು. ಅಡುಗೆಮನೆ, ಶೌಚಾಲಯ, ಗಿಡಗಳಿಗೆ ಬೀದಿ ನೀರು ಹಾಗೇ. ಶೌಚಾಲಯಕ್ಕೆ ಮೆದು ನೀರು ದಂಡ. ಗಿಡಕ್ಕೆ ಸೋಡಿಯಂ ಒಳ್ಳೆಯದಲ್ಲ, ಮಣ್ಣೂ ಕಟ್ಟಿಕೊಳ್ಳುತ್ತದೆ. ಪ್ಲಂಬರಿಗೆ ಒಂದು ದಿನದ ಕೆಲಸ ಜಾಸ್ತಿಯಾಯಿತು. ಆದರೆ ಮೆದು ಮಾಡಬೇಕಾದ ನೀರು ದಿನಕ್ಕೆ 300 ಲೀಟರಿಗೆ ಇಳಿದದ್ದರಿಂದ ಸಣ್ಣ ಯಂತ್ರವೇ ಸಾಕಾಯಿತು.

ಕಾಳು ಬೇಯದ ತೊಂದರೆ ಹಾಗಾದರೆ ಉಳಿಯಿತಲ್ಲ? ಉಳಿಯಿತು. ಅದಕ್ಕೆ ಅಗ್ಗದ ದಾರಿ ಇದೆ. ನೀರನ್ನು ಹತ್ತು ನಿಮಿಷ ಕುದಿಸಿ, ತಣಿಸಿ, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೆ ಗಡಸುತನದ ಒಂದು ದೊಡ್ಡ ಪಾಲು ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಕುದಿಸಿದರೆ ಹೋಗುವ ಈ ಪಾಲನ್ನು ತಾತ್ಕಾಲಿಕ ಗಡಸುತನ ಅನ್ನುತ್ತಾರೆ. ಇವರ ನೀರಿನಲ್ಲಿ 420ಕ್ಕೆ 310 ಅದೇ ಆಗಿತ್ತು. ಕಾಳು ನೆನೆಸಲು, ಬೇಯಿಸಲು ಈ ನೀರು. ಕೆಟಲ್ಲಿಗೆ ತಿಂಗಳಿಗೊಮ್ಮೆ ಸಿಟ್ರಿಕ್ ಆಮ್ಲದ ಒಂದು ಚಮಚ. ಆಸಿಡ್ ಬಾಟಲಿಯನ್ನು ಮನೆಯಿಂದಲೇ ಓಡಿಸಿದರು.

ಗೀಸರಿನ ಬಿಸಿಯನ್ನೂ ಇಳಿಸಿದರು. ಮೊದಲು 75 ಡಿಗ್ರಿಗೆ ಇಟ್ಟಿದ್ದರು. ಬಿಸಿ ಹೆಚ್ಚಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ಗಂಡ 45ಕ್ಕೆ ಇಳಿಸೋಣ ಅಂದರು. ಬೇಡ ಅಂದೆ. ನಿಂತ ಬಿಸಿ ನೀರು ಅಷ್ಟು ಉಗುರುಬೆಚ್ಚಗಿದ್ದರೆ ಲೀಜನೆಲ್ಲಾ ಅನ್ನುವ ರೋಗಾಣು ಬೆಳೆಯಲು ಹದವಾಗುತ್ತದೆ. 60ಕ್ಕೆ ನಿಂತಿತು.

ಹತ್ತು ದಿನ ಚೆನ್ನ, ಹತ್ತು ದಿನ ಕೆಟ್ಟ

ಯಂತ್ರ ಬಂತು. ಮೊದಲ ವಾರ ಫೋನಿನಲ್ಲಿ ಬರೀ ಖುಷಿ. ಸೋಪು ಜಾರುತ್ತದೆ, ಎಷ್ಟು ತೊಳೆದರೂ ಮೈ ನುಣುಪಾಗೇ ಇದೆ, ಸೋಪು ಹೋಗಿಲ್ಲವೇನೋ ಅನ್ನಿಸುತ್ತದೆ ಅಂದರು. ಮೆದು ನೀರಿಗೆ ಹೊಸಬರು ಹೇಳುವ ಮೊದಲ ಮಾತೇ ಅದು.

ಎರಡನೇ ವಾರದ ಕೊನೆಗೆ ದೂರು ಬಂತು. ಮತ್ತೆ ನೊರೆ ಇಲ್ಲ. ಹಾಕಿದವರು ಬಂದು ನೋಡಿದರು, ಬಟನ್ ಒತ್ತಿ ರೆಸಿನನ್ನು ಉಪ್ಪುನೀರಿನಿಂದ ತೊಳೆಸಿದರು, ಸರಿಹೋಯಿತು. ಮತ್ತೆ ಎರಡು ವಾರಕ್ಕೆ ಅದೇ ಕಥೆ. ಯಂತ್ರವೇ ಕೆಟ್ಟದ್ದು, ವಾಪಸ್ ಕೊಡೋಣ ಅನ್ನುವವರೆಗೂ ಮಾತು ಹೋಯಿತು.

ಇಲ್ಲಿ ಕೈ ಹಿಡಿದದ್ದು ಹೆಂಡತಿ ಬರೆದಿಟ್ಟ ಕ್ಯಾಲೆಂಡರ್. ಬಾಟಲಿ ಕುಲುಕುವ ಪರೀಕ್ಷೆಯನ್ನು ಅವರು ಬಿಟ್ಟಿರಲಿಲ್ಲ. ದಿನಾ ಬೆಳಗ್ಗೆ ಮಾಡಿ ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ನೊರೆ ಬಂದರೆ ಸೊನ್ನೆ, ಬಾರದಿದ್ದರೆ ಗೀಟು ಹಾಕುತ್ತಿದ್ದರು. ಫೋಟೋ ನೋಡಿದೆ. ಹತ್ತು ಸೊನ್ನೆ, ಆಮೇಲೆ ಗೀಟು. ಹಾಕಿದವರು ಬಂದ ದಿನದಿಂದ ಮತ್ತೆ ಹತ್ತು ಸೊನ್ನೆ, ಮತ್ತೆ ಗೀಟು. ಕೆಟ್ಟುಹೋದ ಯಂತ್ರ ಇಷ್ಟು ಕ್ರಮವಾಗಿ ಕೆಡುವುದಿಲ್ಲ. ಇದು ಲೆಕ್ಕದ ತಪ್ಪು.

ಯಂತ್ರದಲ್ಲಿ 25 ಲೀಟರ್ ರೆಸಿನ್. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಒಟ್ಟು 1250 ಗ್ರಾಂ. ಲೀಟರಿಗೆ 0.42 ಗ್ರಾಂ ಇರುವ ನೀರಾದರೆ ಸುಮಾರು 3000 ಲೀಟರ್ ಮೆದುವಾಗುತ್ತದೆ. ದಿನಕ್ಕೆ 300 ಲೀಟರ್ ಅಂದರೆ ಹತ್ತು ದಿನ. ಆಮೇಲೆ ರೆಸಿನ್ ತುಂಬಿಹೋಗಿ ನೀರು ಹಾಗೇ ದಾಟುತ್ತದೆ. ಉಪ್ಪುನೀರಿನಲ್ಲಿ ತೊಳೆದರೆ ಮತ್ತೆ ಮೊದಲಿನಂತೆ. ಈ ಯಂತ್ರ ಎಷ್ಟು ದಿನಕ್ಕೊಮ್ಮೆ ತೊಳೆದುಕೊಳ್ಳಲಿ ಅಂತ ಇಟ್ಟಿದ್ದಾರೆ ನೋಡಿ ಅಂದೆ. 20 ದಿನ ಅಂತ ಇತ್ತು. ಗಡಸುತನ ಎಷ್ಟು ಅಂತ ತುಂಬಿದ್ದಾರೆ? 200. ಕೇಳಿದರೆ ಎಲ್ಲರ ಮನೆಗೂ ಅದನ್ನೇ ಹಾಕುತ್ತೇವೆ ಅಂದರಂತೆ.

ನನ್ನ ಪಾಲಿನ ತಪ್ಪೂ ಇಲ್ಲೇ ಇರುವುದು. 420 ಅಂತ ದೊಡ್ಡ ಅಕ್ಷರದಲ್ಲಿ ವರದಿ ಕೊಟ್ಟೆ. ಈ ಸಂಖ್ಯೆಯನ್ನು ಯಂತ್ರ ಹಾಕುವವರಿಗೆ ತೋರಿಸಿ, ಅವರು ಇದನ್ನೇ ತುಂಬಿದರಾ ನೋಡಿ ಅಂತ ಹೇಳಲಿಲ್ಲ. ವರದಿ ಫೈಲಿನಲ್ಲಿ ಬೆಚ್ಚಗೆ ಮಲಗಿತ್ತು, ಯಂತ್ರ ತನ್ನ ಪಾಡಿಗೆ 200 ಅಂತ ನಂಬಿಕೊಂಡಿತ್ತು. ಅಂದಿನಿಂದ ನನ್ನ ವರದಿಯ ಕೆಳಗೆ ಆ ಒಂದು ಸಾಲು ಸೇರಿಸಿದ್ದೇನೆ.

420 ತುಂಬಿದರು. ಒಂಬತ್ತು ದಿನಕ್ಕೊಮ್ಮೆ ತೊಳೆಯುವ ಹಾಗಾಯಿತು. ಉಪ್ಪಿನ ಖರ್ಚು ಅಂದುಕೊಂಡದ್ದರ ಎರಡು ಪಟ್ಟಾಯಿತು, ಅದೂ ನಿಜ. ತೊಳೆದ ಉಪ್ಪುನೀರು ಹೂದೋಟದ ಕಡೆ ಹರಿಯುತ್ತಿತ್ತು, ಅದನ್ನು ಚರಂಡಿಗೆ ತಿರುಗಿಸಿದರು. ಕ್ಯಾಲೆಂಡರಿನಲ್ಲಿ ಗೀಟು ನಿಂತಿತು.

ಸರಿಹೋದದ್ದು, ಹೋಗದಿದ್ದದ್ದು

ಆರು ತಿಂಗಳಿಗೆ ಗೀಸರ್ ಬಿಚ್ಚಿಸಿ ನೋಡಿದರು. ಹೊಸ ಕಾಯಿಲ್ಲಿನ ಮೇಲೆ ತೆಳು ಪುಡಿ ಬಿಟ್ಟರೆ ಏನೂ ಇಲ್ಲ. ಬೆರಳಲ್ಲಿ ಒರೆಸಿದರೆ ತಾಮ್ರ ಕಾಣುತ್ತಿತ್ತಂತೆ. ಟವೆಲ್ ಮೆತ್ತಗಾಯಿತು. ಬಟ್ಟೆ ಪುಡಿ ಮೊದಲಿನ ಅರ್ಧ ಸಾಕಾಯಿತು, ಅದನ್ನು ಅವರೇ ಅಳೆದು ನೋಡಿದ್ದು.

ಮಗುವಿನ ತುರಿಕೆ ಹೋಗಲಿಲ್ಲ. ಸಾಫ್ಟ್ನರ್ ಹಾಕಿಸುವಾಗ ಮನೆಯವರ ಮನಸ್ಸಿನಲ್ಲಿ ಎಲ್ಲಕ್ಕಿಂತ ದೊಡ್ಡ ಆಸೆ ಅದೇ ಆಗಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ. ಗಡಸು ನೀರಿರುವ ಕಡೆ ಮಕ್ಕಳಲ್ಲಿ ಎಕ್ಸಿಮಾ ಎಂಬ ತುರಿಕೆಯ ಚರ್ಮರೋಗ ಜಾಸ್ತಿ ಕಾಣುತ್ತದೆ ಅನ್ನುವ ಅಧ್ಯಯನಗಳು ಇರುವುದು ನಿಜ. ಆದರೆ ಬಂದಿರುವ ಎಕ್ಸಿಮಾ ಮೆದು ನೀರಿನಿಂದ ಕಡಿಮೆಯಾಗುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ. ಅದನ್ನು ಇಂಗ್ಲೆಂಡಿನಲ್ಲಿ 336 ಮಕ್ಕಳ ಮೇಲೆ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ಮಕ್ಕಳ ಮನೆಗೆ ಇಂಥದೇ ಸಾಫ್ಟ್ನರ್ ಹಾಕಿ 12 ವಾರ ನೋಡಿದರು. ಉಳಿದ ಮಕ್ಕಳಿಗಿಂತ ಇವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಕೊನೆಗೆ ಚರ್ಮದ ವೈದ್ಯರು ಕೊಟ್ಟ ಮುಲಾಮಿನಿಂದ ಹತೋಟಿಗೆ ಬಂತು.

ಕೂದಲ ವಿಷಯ ಅವರವರಲ್ಲೇ ಜಗಳ. ಹೆಂಡತಿ ಒರಟು ಹೋಯಿತು ಅಂದರು. ಗಂಡ ತಲೆ ಸವರಿಕೊಂಡು, ಉದುರುವುದು ಉದುರುತ್ತಲೇ ಇದೆ ಅಂದರು. ಅಪ್ಪನಿಗೂ ಹಾಗೇ ಇತ್ತಂತೆ.

ಬೇರೆ ಮನೆಯವರು ನನ್ನನ್ನು ಕೇಳಿದಾಗ ಈ ಪ್ರಕರಣದಿಂದ ಮೂರು ವಿಷಯ ಎತ್ತಿ ಹೇಳುತ್ತೇನೆ. ಬೇರೆ ಬೇರೆ ಕೋಣೆಯ ದೂರುಗಳು ಒಂದೇ ಕಾಲಕ್ಕೆ ಶುರುವಾದವಾ ಅಂತ ಮೊದಲು ನೋಡಿ. ಇವರ ಮನೆಯಲ್ಲಿ ಊರಿನ ನೀರಿನ ಮೂಲ ಬದಲಾದ ತಿಂಗಳನ್ನೂ ಸೋಪಿನ ಮೊದಲ ದೂರನ್ನೂ ಪಕ್ಕಪಕ್ಕ ಇಟ್ಟಿದ್ದರೆ ಎರಡು ಕಾಯಿಲ್, ನಾಲ್ಕು ಶಾಂಪೂ, ಒಂದು ಆಯಸ್ಕಾಂತ ಉಳಿಯುತ್ತಿತ್ತು. ಎರಡನೆಯದು, ಗಡಸುತನ ತಿಳಿಯಬೇಕಾದರೆ ಗಡಸುತನವನ್ನೇ ಅಳೆಯಿರಿ, ಟಿಡಿಎಸ್ ಅಲ್ಲ. ಮೂರನೆಯದು, ಎಲ್ಲಾ ನೀರನ್ನೂ ಸರಿ ಮಾಡಲು ಹೋಗಬೇಡಿ. ಕಾಯುವ ನೀರು, ಸೋಪು ಬೆರೆಯುವ ನೀರು ಯಾವುದು, ಹೊಟ್ಟೆಗೆ ಹೋಗುವ ನೀರು ಯಾವುದು ಅಂತ ಬಿಡಿಸಿ ನೋಡಿ.

ಮೊನ್ನೆ ಅವರಿಂದ ಮತ್ತೊಂದು ಫೋನ್. ಹೆಂಡತಿಯದು. ಬೆಳಗ್ಗೆ ಬಾಟಲಿ ಕುಲುಕಿದಾಗ ನೊರೆ ಬರಲಿಲ್ಲವಂತೆ. ನಾನು ಸಂಖ್ಯೆ ಬದಲಾಗಿದೆಯಾ ನೋಡಿ ಅನ್ನುವಷ್ಟರಲ್ಲಿ, "ಇಲ್ಲ ಸರ್, ಗೊತ್ತಾಯ್ತು" ಅಂದರು. ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದರೆ ತುಂಬಿರುವ ಹಾಗೇ ಕಂಡಿತು. ಸೌಟಿನ ಹಿಡಿ ಹಾಕಿ ಚುಚ್ಚಿದರು. ಮೇಲೆ ಉಪ್ಪು ಕಲ್ಲಾಗಿ ಕಟ್ಟಿಕೊಂಡಿತ್ತು, ಅಡಿಯಲ್ಲಿ ಟೊಳ್ಳು, ನೀರಿಗೆ ಉಪ್ಪೇ ತಾಗುತ್ತಿರಲಿಲ್ಲ. ಒಡೆದು ಪುಡಿ ಮಾಡಿದರು, ಒಂದು ಸಲ ತೊಳೆಸಿದರು. ಫೋನ್ ಮಾಡಿದ್ದು ದೂರಿಗಲ್ಲ. ಪಕ್ಕದ ಮನೆಯವರೂ ಗೀಸರಿನ ಚಕ್ಕೆ ಹಿಡಿದುಕೊಂಡು ಬಂದಿದ್ದಾರೆ, ನೀರನ್ನು ಯಾವ್ಯಾವ ನಲ್ಲಿಯಿಂದ ಹಿಡಿದು ಕಳಿಸಲಿ ಅಂತ ಕೇಳಲು.